ಮನೆಯ ಕೆಲಸಕ್ಕೆ ಎಂಥ ವೆಲ್ಡಿಂಗ್ ಮಷಿನ್?

ಹುನಗುಂದದ ಎರೆಹೊಲಗಳಲ್ಲಿ ಹಿಂಗಾರಿ ಬಿತ್ತನೆ ಶುರುವಾದರೆ ಕೂರಿಗೆ, ಕುಂಟೆ, ಟ್ರಾಲಿಗಳಿಗೆ ಬಿಡುವಿಲ್ಲ. ಬೆಸುಗೆ ಬಿಡುವುದೂ ಆಗಲೇ. ವೆಲ್ಡಿಂಗ್ ಅಂಗಡಿಯಲ್ಲಿ ಪಾಳಿ ಹಚ್ಚಿ ಕೂತರೆ ಹೊಲದ ಹದ ಆರಿಹೋಗುತ್ತದೆ. ಮನೆಯಲ್ಲೇ ಒಂದು ಸಣ್ಣ ಮಷಿನ್ ಇದ್ದರೆ ಎಂಬ ಆಸೆ ಹುಟ್ಟುವುದು ಇಂಥ ಹೊತ್ತಿನಲ್ಲಿ. ಬಾಗಲಕೋಟೆಯ ನವನಗರದಲ್ಲಿ ಹೂಕುಂಡದ ಸ್ಟ್ಯಾಂಡ್, ಗೇಟು ತಾವೇ ಮಾಡಿಕೊಳ್ಳಬೇಕೆನ್ನುವವರ ಆಸೆಯೂ ಇದೇ.

ಹಿಂದೆ ಇದು ಸುಲಭದ ಮಾತಾಗಿರಲಿಲ್ಲ. ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನ್‌ಗಳಿಗೆ ಗಾಲಿ ಬೇಕು, ಎತ್ತಲು ಇಬ್ಬರು ಬೇಕು. ಈಗಿನ ಇನ್ವರ್ಟರ್ ಮಷಿನ್ ಮೊದಲು ಕರೆಂಟನ್ನು ಡಿಸಿ ಮಾಡಿ, ಐಜಿಬಿಟಿ ಎಂಬ ಸ್ವಿಚ್ಚುಗಳಿಂದ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತದೆ. ಆವರ್ತನ ಅಷ್ಟು ಏರಿದಾಗ ಒಳಗಿನ ಟ್ರಾನ್ಸ್‌ಫಾರ್ಮರ್ ಅಂಗೈಯಗಲಕ್ಕೆ ಇಳಿಯುತ್ತದೆ. ಹೀಗಾಗಿ ಐದಾರು ಕಿಲೋ ತೂಕದ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಹೊಲಕ್ಕೂ ಹೋಗಬಹುದು. 200 ಆಂಪಿಯರ್ ಎಂದು ಬರೆದ ಇಂಥ ಮಷಿನ್ ಸುಮಾರು 5ರಿಂದ 10 ಸಾವಿರ ರೂಪಾಯಿಗೆ ಸಿಗುತ್ತದೆ.

ಆದರೆ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬಾರದು. ನೋಡಬೇಕಾದದ್ದು ಡ್ಯೂಟಿ ಸೈಕಲ್. 200 ಆಂಪಿಯರ್‌ಗೆ ಶೇ. 60 ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಸುಡಬಹುದು, ನಾಲ್ಕು ನಿಮಿಷ ತಣಿಯಲು ಬಿಡಬೇಕು. ಶೇ. 20 ಎಂದಿದ್ದರೆ ಸುಡುವುದು ಎರಡೇ ನಿಮಿಷ. ಈ ಲೆಕ್ಕ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಹಿಡಿದು ಮಾಡಿದ್ದು. ಬಾಗಲಕೋಟೆ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಅದಕ್ಕಿಂತ ಹೆಚ್ಚು ಕಾವು ಇರುತ್ತದೆ. ಇಲ್ಲಿಯವರು ಬರೆದದ್ದಕ್ಕಿಂತ ಕಡಿಮೆಯೇ ಸಿಗುತ್ತದೆಂದು ತಿಳಿದುಕೊಂಡೇ ಕೊಳ್ಳಬೇಕು. ಹಾಗೆಂದು ಹೆದರಬೇಕಿಲ್ಲ: ಒಂದು ರಾಡ್ ಸುಟ್ಟ ಮೇಲೆ ಸ್ಲ್ಯಾಗ್ ಕುಟ್ಟಿ, ಬ್ರಷ್ ಹೊಡೆದು, ಮುಂದಿನ ತುಂಡು ಹೊಂದಿಸುವಷ್ಟರಲ್ಲಿ ಮಷಿನ್‌ಗೆ ವಿಶ್ರಾಂತಿ ಸಿಕ್ಕಿರುತ್ತದೆ.

ಮನೆಯ ವೈರಿಂಗಿನ ಮಾತನ್ನು ಅಂಗಡಿಯವರು ಹೇಳುವುದು ಕಡಿಮೆ. 2.5 ಮಿ.ಮೀ. ರಾಡಿಗೆ 70ರಿಂದ 90 ಆಂಪಿಯರ್ ಸಾಕು. ಆಗ ಮಷಿನ್ ಗೋಡೆಯಿಂದ ಎಳೆಯುವುದು ಸುಮಾರು 14 ಆಂಪಿಯರ್. 16 ಆಂಪಿಯರ್‌ನ ಪವರ್ ಪ್ಲಗ್ ಇದನ್ನು ತಾಳುತ್ತದೆ. 3.15 ಮಿ.ಮೀ. ರಾಡನ್ನು 120 ಆಂಪಿಯರ್‌ನಲ್ಲಿ ಸುಟ್ಟರೆ ಆ ಮಿತಿ ಸುಲಭವಾಗಿ ದಾಟುತ್ತದೆ. ಆಗ ಎಂಸಿಬಿ ಬೀಳುತ್ತದೆ, ಇಲ್ಲವೇ ಪ್ಲಗ್ ಕರಗುತ್ತದೆ. ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಇಳಿದರೆ ರಾಡ್ ಅಂಟಿಕೊಳ್ಳತೊಡಗುತ್ತದೆ. ಆದ್ದರಿಂದ ಎಷ್ಟು ವೋಲ್ಟಿನವರೆಗೆ ಮಷಿನ್ ನಡೆಯುತ್ತದೆ ಎಂದು ಕೇಳಿಯೇ ಕೊಳ್ಳುವುದು ಜಾಣತನ. ಎಕ್ಸ್‌ಟೆನ್ಷನ್ ಬೇಕಿದ್ದರೆ ದಪ್ಪ ತಾಮ್ರದ್ದೇ ಇರಲಿ, ಸುರುಳಿ ಬಿಚ್ಚಿಯೇ ಬಳಸಲಿ.

ರಾಡಿನ ಬದಲು ತಂತಿಯನ್ನು ಗ್ಯಾಸಿನ ಕವಚದಲ್ಲಿ ಸುಡುವ ಮಿಗ್ ಮಷಿನ್ ಕೊಳ್ಳಲೇ ಎಂದು ಕೆಲವರು ಕೇಳುತ್ತಾರೆ. ತೆಳು ತಗಡಿಗೆ ಅದು ಚೆಂದ, ಕಲಿಯುವುದೂ ಸುಲಭ. ಆದರೆ ಗ್ಯಾಸಿನ ಸಿಲಿಂಡರ್ ತುಂಬಿಸುವ ಖರ್ಚು, ಓಡಾಟ ಇದ್ದೇ ಇರುತ್ತದೆ. ಬಾದಾಮಿಯ ಬಯಲಿನಲ್ಲಿ ಗಾಳಿ ಬೀಸಿದರೆ ಬೆಸುಗೆಗೆ ಕವಚವಾಗಬೇಕಾದ ಗ್ಯಾಸೇ ಹಾರಿಹೋಗುತ್ತದೆ. ರಾಡಿನ ಲೇಪ ಸುಟ್ಟು ತಾನೇ ಕವಚವಾಗುವ ಹಳೆಯ ವಿಧಾನ ಬಯಲಿಗೆ ಹೇಳಿ ಮಾಡಿಸಿದ್ದು. ಲೇಪವಿರುವ ಈ ರಾಡನ್ನು ರೂಪಿಸಿದವನು ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ. 1904ರಲ್ಲಿ ಅವನು ಕಟ್ಟಿದ ಎಸಾಬ್ ಕಂಪನಿಯ ರಾಡುಗಳು ನಮ್ಮಲ್ಲೂ ಸಿಗುತ್ತವೆ. ಮನೆಯ ಸ್ಕ್ವೇರ್ ಪೈಪ್, ಆಂಗಲ್, ಪಟ್ಟಿಗಳಿಗೆ 6013 ರಾಡ್ ಸಾಕು. ಕೂರಿಗೆಯ ಕುಳದಂಥ ಗಟ್ಟಿ ಉಕ್ಕು ಮಾತ್ರ ಬೇರೆ ಜಾತಿ. ಅದಕ್ಕೆ 7018 ರಾಡ್ ಬೇಕು, ಮೊದಲು ಕಾಯಿಸಬೇಕು. ಇಲ್ಲವಾದರೆ ಬೆಸುಗೆಯ ಪಕ್ಕದಲ್ಲೇ ಸೀಳು ಬಿಡುತ್ತದೆ.

ಇಳಕಲ್ಲಿನಲ್ಲಿ ಇನ್ನೊಂದು ತೊಂದರೆ, ಧೂಳು. ಗ್ರಾನೈಟ್ ಕೊರೆಯುವ, ಪಾಲಿಶ್ ಮಾಡುವ ಕಡೆ ಫ್ಯಾನು ಕಲ್ಲಿನ ಹುಡಿಯನ್ನು ಒಳಗೆಳೆದುಕೊಂಡು ತಂಪಿನ ದಾರಿ ಕಟ್ಟುತ್ತದೆ. ಇದಕ್ಕಿಂತ ಕೆಟ್ಟದ್ದು ಗ್ರೈಂಡರಿನ ಕಬ್ಬಿಣದ ಹುಡಿ: ಅದು ಕರೆಂಟು ಹರಿಸುವುದರಿಂದ ಬೋರ್ಡನ್ನೇ ಸುಡಬಲ್ಲದು. ಗ್ರೈಂಡರ್ ಹಿಡಿಯುವಾಗ ಮಷಿನ್ ದೂರ ಇರಲಿ. ಆಗಾಗ ಪ್ಲಗ್ ಕಿತ್ತು ಬ್ಲೋವರ್ ಹೊಡೆದರೆ ಆಯುಷ್ಯ ಹೆಚ್ಚುತ್ತದೆ.

ಉಳಿತಾಯ ಸಲ್ಲದ ಜಾಗ ಒಂದಿದೆ, ಕಣ್ಣು. ಕಪ್ಪು ಕನ್ನಡಕ ಏನೇನೂ ಸಾಲದು. ಆರ್ಕಿನ ನೇರಳಾತೀತ ಕಿರಣ ಬಿದ್ದ ಕೆಲವು ಗಂಟೆಗಳ ಮೇಲೆ, ಹೆಚ್ಚಾಗಿ ರಾತ್ರಿ, ಕಣ್ಣಿಗೆ ಮರಳು ಸುರಿದಂತೆ ಉರಿ ಏಳುತ್ತದೆ. 10 ಅಥವಾ 11ನೇ ಶೇಡಿನ ಗಾಜಿರುವ ಹೆಲ್ಮೆಟ್ಟು, ಚರ್ಮದ ಗ್ಲೌಸು, ಹತ್ತಿಯ ತುಂಬುತೋಳಿನ ಅಂಗಿ ಮಷಿನ್ ಜೊತೆಗೇ ಬರಬೇಕು. ನೋಡಲು ನಿಂತ ಮಕ್ಕಳನ್ನು ದೂರ ಕಳಿಸಬೇಕು. ಜಿಐ ಪೈಪಿನ ಸತುವಿನ ಹೊಗೆ ಜ್ವರ ತರಿಸುತ್ತದೆ. ಬೆಸೆಯುವ ಜಾಗದ ಲೇಪ ಉಜ್ಜಿ ತೆಗೆದು, ಬಯಲಲ್ಲೇ ಕೆಲಸ ಮಾಡಬೇಕು. ಡೀಸೆಲ್ ತುಂಬಿದ್ದ ಬ್ಯಾರಲ್ಲಿಗೆ, ಅದು ಎಷ್ಟೇ ಖಾಲಿ ಕಂಡರೂ, ರಾಡ್ ಹಚ್ಚಲೇಬಾರದು. ಒಳಗೆ ಉಳಿದ ಆವಿ ಸಿಡಿಯುತ್ತದೆ.

ಟ್ರಾಲಿಯ ಹುಕ್ಕು, ಮೇಲಟ್ಟದ ಕಂಬ, ಮೆಟ್ಟಿಲು ಇವೆಲ್ಲ ಅನುಭವಿಗಳ ಕೈಗೇ ಹೋಗಲಿ. ಉಳಿದ ಮನೆಗೆಲಸಕ್ಕೆ 160ರಿಂದ 200 ಆಂಪಿಯರ್‌ನ, ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ ರಿಪೇರಿ ಸಿಗುವ ಇನ್ವರ್ಟರ್ ಮಷಿನ್ ಸರಿಯಾದ ಆಯ್ಕೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಎರಡು ರಾಡ್ ಸುಟ್ಟು ತೋರಿಸಲು ಕೇಳಿ. ಮನೆಗೆ ತಂದ ಮೇಲೆ ಎಲೆಕ್ಟ್ರಿಶಿಯನ್ ಅರ್ಥಿಂಗ್ ನೋಡುವತನಕ ಪ್ಲಗ್ ಹಾಕಬೇಡಿ.