ನೀರನ್ನು ಬಿಟ್ಟೇಳುವ ಮಾದರಿ ವಿಮಾನ

ನವಲಗುಂದ ತಾಲ್ಲೂಕಿನ ಯಮನೂರಿನ ಸುತ್ತಣ ಎರೆಭೂಮಿಯು ರೇಡಿಯೋ ನಿಯಂತ್ರಿತ ಮಾದರಿ ವಿಮಾನಕ್ಕೆ ಸುಲಭವಾದ ನೆಲವಲ್ಲ. ಬೇಸಗೆಯಲ್ಲಿ ಅದು ಬಿರಿಯುತ್ತದೆ. ಮಳೆ ಬಿದ್ದೊಡನೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ರನ್‌ವೇಗಳಿಲ್ಲದ ಕೆನಡಾದ ಕಾಡುಸೀಮೆಗಾಗಿ ನಿರ್ಮಿತವಾಗಿ 1947ರಲ್ಲಿ ಮೊದಲು ಹಾರಿದ ಬೀವರ್ ವಿಮಾನಕ್ಕೆ ಗಾಲಿಗಳನ್ನು ಕಳಚಿ, ಫ್ಲೋಟ್ ಎಂಬ ದೋಣಿಯಾಕಾರದ ಎರಡು ತೇಲುಗಳನ್ನು ಜೋಡಿಸಬಹುದಾಗಿತ್ತು. ಅದರ ಮಾದರಿಗಳಲ್ಲಿಯೂ ಇದೇ ಏರ್ಪಾಡು.

ಆದರೆ ನೆಲದಿಂದ ಲೀಲೆಯಾಗಿ ಏರುವ ಮಾದರಿಯು, ತೇಲು ಕಟ್ಟಿದೊಡನೆ, ಮೋಟಾರು ಪೂರ್ಣ ಬಲದಿಂದ ತಿರುಗುತ್ತಿದ್ದರೂ ನೀರನ್ನು ಉಳುತ್ತ ಸಾಗಬಹುದು. ಇದೇಕೆ?

ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದು. ವೇಗ ಹೆಚ್ಚಿದಂತೆ ತೇಲು ತನ್ನ ಮುಂದೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ. ಹಾರುವ ವೇಗ ಬರುವುದಕ್ಕೆ ಬಹಳ ಮೊದಲೇ ತಡೆಯು ಪರಮಾವಧಿಗೇರುತ್ತದೆ. ಈ ದಿಬ್ಬವನ್ನು ದಾಟಿದರೆ ತೇಲು ನೀರಿನ ಮೇಲ್ಮೈಯಲ್ಲಿ ಜಾರತೊಡಗಿ, ತಡೆ ತಗ್ಗುತ್ತದೆ.

ಇನ್ನೊಂದು ತೊಡಕು ಹೆಚ್ಚು ಸ್ವಾರಸ್ಯವಾದುದು. ಚಮಚವೊಂದರ ತುದಿಯನ್ನು ಸಡಿಲವಾಗಿ ಹಿಡಿದು, ಅದರ ಉಬ್ಬಿದ ಬೆನ್ನನ್ನು ನಲ್ಲಿಯ ಧಾರೆಗೆ ತಾಗಿಸಿ ನೋಡಿರಿ. ಧಾರೆಯು ಅದನ್ನು ದೂರ ತಳ್ಳದೆ ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ. ತೇಲಿನ ತಳವು ಹಿಂತುದಿಯವರೆಗೂ ನುಣ್ಣಗೆ ಮೇಲಕ್ಕೆ ಬಾಗಿದ್ದರೆ ನೀರು ಅದನ್ನು ಹೀಗೆಯೇ ಕೆಳಕ್ಕೆ ಸೆಳೆಯುವುದು. ಆದಕಾರಣ ತಳದ ನಡುವೆ, ವಿಮಾನದ ಗುರುತ್ವಕೇಂದ್ರಕ್ಕಿಂತ ತುಸು ಹಿಂದೆ, ಅಡ್ಡಲಾಗಿ ಒಂದು ಮೆಟ್ಟಿಲನ್ನು ಕತ್ತರಿಸಿರುತ್ತಾರೆ. ಅಲ್ಲಿ ನೀರಿನ ಹರಿವು ತಳವನ್ನು ಬಿಡುತ್ತದೆ, ಗಾಳಿ ನುಗ್ಗುತ್ತದೆ, ಸೆಳೆತ ಮುರಿಯುತ್ತದೆ. ಮೆಟ್ಟಿಲು ಬಹಳ ಹಿಂದಕ್ಕಿದ್ದರೆ ಮಾದರಿಯು ಮೂತಿಯನ್ನು ಎತ್ತಲಾರದು.

ದೊಡ್ಡ ವಿಮಾನಗಳಿಗೂ ಇದೇ ನಿಯಮ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದುರಸ್ತಿಗಾಗಿ ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಗೆ ಬರುತ್ತಿದ್ದ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ದೋಣಿಯಂತಹ ಅವುಗಳ ಒಡಲಿನಡಿಯಲ್ಲಿಯೂ ಮೆಟ್ಟಿಲಿತ್ತು.

ಕನ್ನಡಿಯಂತಹ ನಿಶ್ಚಲ ನೀರು ಅನುಕೂಲವೆಂದು ನಾವು ಭಾವಿಸುವುದು ಸಹಜ; ವಾಸ್ತವವಾಗಿ ಸಣ್ಣ ತೆರೆಗಳಿದ್ದರೇ ತೇಲಿನಡಿ ಗಾಳಿ ಸೇರಿ ಏರುವುದು ಸುಲಭ. ಎದುರುಗಾಳಿಯೂ ಬೇಕು. ಹಾರಲು ಸೆಕೆಂಡಿಗೆ 10 ಮೀಟರ್ ವೇಗ ಬೇಕಾದ ಮಾದರಿಗೆ 4 ಮೀಟರಿನ ಎದುರುಗಾಳಿ ದೊರೆತರೆ, ನೀರಿನ ಮೇಲೆ ಅದು ಗಳಿಸಬೇಕಾದುದು 6 ಮಾತ್ರ.

ಯಮನೂರಿನ ಬೆಣ್ಣೆಹಳ್ಳದಲ್ಲಿ ಹಾರಿಸೋಣವೇ? ಮಳೆಗಾಲದಲ್ಲಿ ಅದರ ಸೆಳವು ಅಪಾಯಕರ. ಜಾತ್ರೆಯಲ್ಲಿ ಸ್ನಾನಕ್ಕಿಳಿದ ಜನರ ಬಳಿ ತಿರುಗುವ ಪ್ರೊಪೆಲ್ಲರ್ ಇನ್ನೂ ಅಪಾಯಕರ. ಕುಡಿಯುವ ನೀರಿನ ಕೆರೆಯಂತೂ ಸಲ್ಲದು. ಜನರಿಲ್ಲದ, ನಿಂತ ನೀರಿನ ಹೊಂಡವನ್ನು ಒಡೆಯರ ಒಪ್ಪಿಗೆ ಪಡೆದು ಆರಿಸಿಕೊಳ್ಳಬೇಕು. ನಡುನೀರಿನಲ್ಲಿ ಮೋಟಾರು ನಿಂತರೆ ಈಜಿ ತರಲು ಹೋಗದೆ, ಗಾಳಿಯು ಮಾದರಿಯನ್ನು ದಡಕ್ಕೆ ತರುವವರೆಗೆ ಕಾಯಬೇಕು.