ಹೊರಗಿನವರ ಕಣ್ಣಲ್ಲಿ ಮೈಸೂರು: ನಂದಿಬೆಟ್ಟದಿಂದ ವಿದುರಾಶ್ವತ್ಥಕ್ಕೆ

ಮೈಸೂರು ಸಂಸ್ಥಾನವನ್ನು ಹೊರಗಿನಿಂದ ಬಂದವರು ಬಹುಕಾಲ ಮೆಚ್ಚುಗೆಯಿಂದಲೇ ಕಂಡರು. 1881ರಿಂದಲೇ ಇಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತ್ತು. ಆರೋಗ್ಯ ಕೆಟ್ಟ ಗಾಂಧೀಜಿ 1927ರಲ್ಲಿ ವಿಶ್ರಾಂತಿಗೆಂದು ಬಂದದ್ದು ನಂದಿಬೆಟ್ಟಕ್ಕೆ. 1936ರ ಬೇಸಿಗೆಯಲ್ಲಿ ಅವರು ಮತ್ತೆ ಅಲ್ಲಿ ತಂಗಿದಾಗ ವಲ್ಲಭಭಾಯಿ ಪಟೇಲರೂ ಜೊತೆಗಿದ್ದರು. ಆ ಬೆಟ್ಟ ಆಗ ಕೋಲಾರ ಜಿಲ್ಲೆಗೆ ಸೇರಿತ್ತು.

ಆ ಮೆಚ್ಚುಗೆ ಸುಳ್ಳಲ್ಲ, ಅರೆಬರೆ. ಪ್ರತಿನಿಧಿ ಸಭೆಯಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. 1926ರಿಂದ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಉತ್ತರ ಕೊಡಬೇಕಾಗಿದ್ದುದು ಮಹಾರಾಜರಿಗೆ ಮಾತ್ರ.

1937ರಲ್ಲಿ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಚುನಾಯಿತ ಮಂತ್ರಿಮಂಡಲಗಳು ಬಂದಾಗ ಈ ಕೊರತೆ ಎದ್ದು ಕಂಡಿತು. ಕೋಲಾರ ಸೀಮೆಯ ಕೆ.ಸಿ. ರೆಡ್ಡಿ ಮೊದಲಾದವರಿದ್ದ ಪ್ರಜಾ ಸಂಯುಕ್ತ ಪಕ್ಷ ಅದೇ ವರ್ಷ ಕಾಂಗ್ರೆಸ್ಸಿನಲ್ಲಿ ಬೆರೆಯಿತು. ಅಕ್ಟೋಬರಿನಲ್ಲಿ ಬೊಂಬಾಯಿಯ ನಾಯಕ ಕೆ.ಎಫ್. ನಾರೀಮನ್ ಅವರನ್ನು ಬಂಧಿಸಿದಾಗ ಬೆಂಗಳೂರಿನಲ್ಲಿ ಗಲಭೆಯೆದ್ದಿತು. ಕಲ್ಕತ್ತೆಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಮೈಸೂರಿನ ದಬ್ಬಾಳಿಕೆಯನ್ನು ಖಂಡಿಸಿತು. ಗಾಂಧೀಜಿಗೆ ಆ ನಿರ್ಣಯ ಒಪ್ಪಿಗೆಯಾಗಲಿಲ್ಲ. ದೇಶೀ ಸಂಸ್ಥಾನಗಳ ಒಳಗಿನ ವ್ಯವಹಾರದಲ್ಲಿ ಕಾಂಗ್ರೆಸ್ ಕೈಹಾಕಬಾರದೆಂಬುದು ಅವರ ನಿಲುವು. 1938ರ ಫೆಬ್ರವರಿಯ ಹರಿಪುರ ಅಧಿವೇಶನವೂ ಹೋರಾಟದ ಹೊಣೆಯನ್ನು ಆಯಾ ಸಂಸ್ಥಾನದ ಪ್ರಜೆಗಳಿಗೇ ಬಿಟ್ಟಿತು. ಮೈಸೂರಿನ ಕಾರ್ಯಕರ್ತರಿಗೆ ಇದು ಕಹಿಯಾಗಿದ್ದರೆ ಆಶ್ಚರ್ಯವಿಲ್ಲ.

ಅವರು ಹಿಡಿದದ್ದು ಧ್ವಜವನ್ನು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆದ ಅಧಿವೇಶನ ನಿಷೇಧ ಮೀರಿ ತ್ರಿವರ್ಣ ಧ್ವಜ ಏರಿಸಿತು. ಬಂಧನಗಳಾದವು. ಬಾವುಟ ಊರೂರಿಗೆ ಹಬ್ಬಿತು.

ಗೌರಿಬಿದನೂರು ಕಡೆಯಲ್ಲಿ ಈ ನಿಷೇಧ ಇನ್ನೂ ವಿಚಿತ್ರವಾಗಿತ್ತು. ಗಡಿಯಾಚೆಯ ಹಿಂದೂಪುರ ಮದರಾಸು ಪ್ರಾಂತ್ಯದ ಊರು. ಅಲ್ಲಿ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲವೇ ಆಳುತ್ತಿತ್ತು. ಅಲ್ಲಿ ಅಧಿಕಾರದಲ್ಲಿದ್ದ ಪಕ್ಷದ ಬಾವುಟ ಇಲ್ಲಿ ಅಪರಾಧವಾಗಿತ್ತು. ಈ ಎರಡೂ ಊರುಗಳ ನಡುವೆ ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥವಿದೆ. ವಿದುರ ನೆಟ್ಟನೆಂದು ನಂಬಲಾದ ಅಶ್ವತ್ಥ, ಅದರ ಸುತ್ತ ಹರಕೆಯ ಸಾವಿರಾರು ನಾಗರಕಲ್ಲುಗಳು, ಚೈತ್ರದ ಜಾತ್ರೆ. ಸುತ್ತಲ ಹಳ್ಳಿಯವರೆಲ್ಲ ನೆರೆಯುವ ಜಾಗವದು. ಎನ್.ಸಿ. ತಿಮ್ಮಾರೆಡ್ಡಿಯವರಂಥ ಸ್ಥಳೀಯ ಮುಂದಾಳುಗಳು ಧ್ವಜ ಸತ್ಯಾಗ್ರಹವನ್ನು ಅಲ್ಲಿಗೆ ಒಯ್ದರು.

ಏಪ್ರಿಲ್ 25ರಂದು ಅಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಹೇಳಿದ ಸಾವಿನ ಲೆಕ್ಕ ಹತ್ತರ ಆಸುಪಾಸು. ಹೋರಾಟಗಾರರ ಲೆಕ್ಕ ಮೂವತ್ತು ದಾಟಿತ್ತು. ಸತ್ತವರು ಯಾವ ಅಧಿವೇಶನದ ಪ್ರತಿನಿಧಿಗಳೂ ಅಲ್ಲ, ಹಳ್ಳಿಗರು. ಮುಂದೆ ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಬಂದದ್ದು ಈ ನೆಲಕ್ಕೆ. ಸರ್ಕಾರ ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿತು.

ಇನ್ನು ದೂರ ನಿಲ್ಲಲು ಕಾಂಗ್ರೆಸ್ಸಿಗೂ ಆಗಲಿಲ್ಲ. ಎರಡು ವರ್ಷದ ಹಿಂದೆ ನಂದಿಬೆಟ್ಟದಲ್ಲಿ ತಂಗಿದ್ದ ಪಟೇಲರು ಮೇ ತಿಂಗಳಲ್ಲಿ ಆಚಾರ್ಯ ಕೃಪಲಾನಿಯವರೊಡನೆ ಬೆಂಗಳೂರಿಗೆ ಬಂದು ಮಿರ್ಜಾ ಅವರೊಡನೆ ಮಾತುಕತೆಗೆ ಕೂತರು. ಪಟೇಲ್–ಮಿರ್ಜಾ ಒಪ್ಪಂದ ಹುಟ್ಟಿದ್ದು ಹೀಗೆ. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಸಂಸ್ಥಾನದ ಬಾವುಟದ ಜೊತೆಗೆ ತ್ರಿವರ್ಣ ಧ್ವಜ ಹಾರಿಸಲು ಅವಕಾಶವಾಯಿತು, ಸತ್ಯಾಗ್ರಹಿಗಳ ಬಿಡುಗಡೆಯಾಯಿತು. ಜನಪ್ರತಿನಿಧಿಗಳಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರದ ಪ್ರಶ್ನೆ ಮಾತ್ರ ಸುಧಾರಣಾ ಸಮಿತಿಯ ಮುಂದೆ ಉಳಿಯಿತು.

ಒಪ್ಪಂದ ಬಾವುಟವನ್ನು ಕೊಟ್ಟಿತು, ಅಧಿಕಾರವನ್ನಲ್ಲ. ಸಮಿತಿಯ ಸುಧಾರಣೆಗಳು ಜನರನ್ನು ತಣಿಸಲಿಲ್ಲ. 1939ರಲ್ಲಿ ಸತ್ಯಾಗ್ರಹ ಮತ್ತೆ ಶುರುವಾಯಿತು. ದೇಶ ಸ್ವತಂತ್ರವಾದ ಮೇಲೂ ಅಧಿಕಾರ ಕೈಗೆ ಬಾರದಿದ್ದಾಗ 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ನಡೆಯಿತು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.