ಕಾಡಿನವರಿಗೆ ಕಾಡಿನ ಜ್ವರ ಬಾರದೇ?

ಕಾಡಲ್ಲೇ ಹುಟ್ಟಿ ಬೆಳೆದವರ ಮೈ ಗಟ್ಟಿ, ಕಾಡಿನ ರೋಗ ಅವರಿಗೆ ತಟ್ಟದು ಎಂಬ ಮಾತುಂಟು. 2015ರ ಬೇಸಿಗೆಯಲ್ಲಿ ಕೇರಳದ ವಯನಾಡು ಅದನ್ನು ಸುಳ್ಳಾಗಿಸಿತು. ಮಂಗನ ಕಾಯಿಲೆ ನೂರಕ್ಕೂ ಹೆಚ್ಚು ಜನರನ್ನು ಮಲಗಿಸಿತು. ಹೆಚ್ಚು ಪೆಟ್ಟು ತಿಂದವರು ಕಾಡಂಚಿನ ಕಾಟ್ಟುನಾಯ್ಕರಂಥ ಆದಿವಾಸಿಗಳೇ.

ಮೈಯ ಗಟ್ಟಿತನ ಬೇರೆ, ರೋಗನಿರೋಧ ಬೇರೆ. ನಮ್ಮ ರಕ್ತದ ಕಾವಲಿಗೆ ಬೇಕಾದದ್ದು ಮುಖಪರಿಚಯ. ಒಮ್ಮೆ ಎದುರಾದ ವೈರಸ್ಸಿನ ಗುರುತನ್ನು ಕೆಲವು ಬಿಳಿರಕ್ತಕಣಗಳು ಇಟ್ಟುಕೊಳ್ಳುತ್ತವೆ. ಅದೇ ವೈರಸ್ ಮತ್ತೆ ಬಂದರೆ ಬೇಗನೆ ಪ್ರತಿಕಾಯಗಳು ತಯಾರಾಗುತ್ತವೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ 2012ರ ಕೊನೆಗೆ ಬಂಡೀಪುರದಲ್ಲಿ, ಮರುವರ್ಷ ವಯನಾಡಿನ ನೂಲ್ಪುಳದಲ್ಲಿ ಕಂಡಿತು. ಜೇನು, ಸೌದೆ ತರಲು ಹೋದವರಿಗೆ ಕಾಡಿನ ದಾರಿ ಗೊತ್ತಿತ್ತು, ಅವರ ರಕ್ತಕ್ಕೆ ಈ ವೈರಸ್ ಗೊತ್ತಿರಲಿಲ್ಲ.

ಈ ಕಾಯಿಲೆ ಮಂಗ ಕಚ್ಚಿ ಬರುವುದೆಂಬುದೂ ತಪ್ಪು. ಹರಡುವುದು ಉಣುಗು, ಪಾಪದ ಮಂಗ ನಮಗಿಂತ ಮೊದಲು ಸಾಯುತ್ತದೆ, ಹೆಸರು ಮಾತ್ರ ಅದರದು. ಮನುಷ್ಯರಿಂದ ಮನುಷ್ಯರಿಗೂ ಅಂಟದು.

ಇದರ ಲಸಿಕೆಯ ಬಗ್ಗೆ ಎರಡು ತದ್ವಿರುದ್ಧ ನಂಬಿಕೆಗಳು: ಚುಚ್ಚಿಸಿಕೊಂಡರೇ ರೋಗ ಬರುತ್ತದೆ, ಒಮ್ಮೆ ಚುಚ್ಚಿಸಿಕೊಂಡರೆ ಜೀವಮಾನ ಚಿಂತೆಯಿಲ್ಲ. ಕರ್ನಾಟಕ 1990ರಿಂದ ಕೊಟ್ಟ ಲಸಿಕೆಯಲ್ಲಿದ್ದದ್ದು ಫಾರ್ಮಲಿನ್‌ನಲ್ಲಿ ಕೊಂದ ವೈರಸ್. ಸತ್ತದ್ದು ಮೈಯಲ್ಲಿ ಬೆಳೆಯಲಾರದು, ಹಾಗಾಗಿ ರೋಗ ತರಲಾರದು. ಆದರೆ ಬೆಳೆಯದ್ದರಿಂದಲೇ ಅದು ಬಿಟ್ಟುಹೋಗುವ ನೆನಪೂ ತೆಳು. ಅದಕ್ಕೇ ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೂ ವರ್ಷಕ್ಕೊಂದು. 2005ರಿಂದ 2010ರವರೆಗಿನ ಲೆಕ್ಕದಲ್ಲಿ ಎರಡು ಡೋಸ್‌ನಿಂದ ಕಾಯಿಲೆಯ ಸಾಧ್ಯತೆ ಶೇ. 62ರಷ್ಟು ತಗ್ಗಿತ್ತು, ಬೂಸ್ಟರ್ ಸೇರಿದರೆ ಶೇ. 83ರಷ್ಟು. ಆದರೆ ನೋಯುವ ಸೂಜಿಗೆ ಕೂಲಿ ಬಿಟ್ಟು ಮೂರನೇ ಸಲ ಬರುವವರೆಷ್ಟು ಮಂದಿ? ಜ್ವರ ಊರಿಗೆ ಕಾಲಿಟ್ಟ ಮೇಲೆ ಚುಚ್ಚಿಸಿಕೊಂಡವರಿಗೆ ಪ್ರತಿಕಾಯ ತಯಾರಾಗಲು ವಾರಗಳೇ ಬೇಕು. ಆ ನಡುವೆ ಮಲಗಿದವರನ್ನು ಕಂಡು ‘ಲಸಿಕೆಯಿಂದಲೇ ಬಂತು’ ಎಂದರೆ ಆಶ್ಚರ್ಯವಿಲ್ಲ. ನನಗೆ ಅದು ಅಜ್ಞಾನಕ್ಕಿಂತ ತಡವಾಗಿ ಬಂದ ಸೂಜಿಯ ತಪ್ಪೆನಿಸುತ್ತದೆ.

ಪರಿಣಾಮ ಸಾಲದೆಂದು ಕರ್ನಾಟಕ 2022ರಲ್ಲಿ ಆ ಲಸಿಕೆ ನಿಲ್ಲಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊಸದರ ಬೆನ್ನು ಹತ್ತಿದೆ. ಅಲ್ಲಿಯವರೆಗೆ ನವೆಂಬರಿನಿಂದ ಮೇವರೆಗೆ, ಮರಿ ಉಣುಗುಗಳ ಕಾಲದಲ್ಲಿ, ಕಾಡಿಗೆ ಹೊರಟವರು ಕೈಕಾಲಿಗೆ ಅವನ್ನು ದೂರವಿಡುವ ಡೆಪಾ ಎಣ್ಣೆ ಸವರಿಕೊಳ್ಳಬೇಕು. ಮರಳಿದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು.